ಎರಡು ಸಾವಿರದವರೆಗೆ ಎಣಿಸು

ಹಾರನಹಳ್ಳಿ,
20-1-2025, ಸೋಮವಾರ

ವನಿತಾಳಿಗೆ,

ಮೇಲೆ ಏನು ಬರೆಯಬೇಕೆಂದು ತಿಳಿಯದೆ ಬರೀ ಹೆಸರು ಬರೆದಿದ್ದೇನೆ. ಮೊದಲು 'ಪ್ರೀತಿಯ' ಎಂದು ಬರೆದಿದ್ದೆ. ಹೊಡೆದು ಹಾಕಿದರೆ ನಿನಗೆ ಕಾಣುತ್ತದೆ ಎಂದು ಹಾಳೆಯನ್ನೇ ಬದಲಿಸಿದೆ. ನೀನು ನನ್ನ ನಂಬರ್ ಬ್ಲಾಕ್ ಮಾಡಿ ಒಂದೂವರೆ ವರ್ಷವಾಯಿತು. ನಿನ್ನ ಅಣ್ಣ ದೇವರಾಜ ನನ್ನ ದನಿ ಕೇಳಿದ ಕೂಡಲೇ ಫೋನ್ ಇಡುತ್ತಾನೆ. ಹಾಗಾಗಿ ಕಾಗದ. ನನ್ನ ಅಕ್ಷರ ಕೋಳಿ ಕೆದಕಿದ ಹಾಗಿದೆ ಎಂದು ನಗುತ್ತಿದ್ದೆಯಲ್ಲ. ಆದರೂ ಕೊನೆಯವರೆಗೆ ಓದು.

ನೀನು ಇದನ್ನು ಓದುವಾಗ ಶರತ್ ನಿನ್ನೆದುರಿಗೇ ಇರುತ್ತಾನೆ. ಅವನ ಮೈಮೇಲೆ ಗಾಯ ಹುಡುಕಬೇಡ. ಇಲ್ಲ. ನಾನು ಅವನ ಮೇಲೆ ಕೈ ಎತ್ತಿಲ್ಲ. ಇದ್ದಕ್ಕಿದ್ದಂತೆ ಯಾಕೆ ಬಂದೆ ಎಂದು ಅವನನ್ನು ಕೇಳಬೇಡ, ಹೇಳುವುದಿಲ್ಲ. ನನ್ನನ್ನು ಬಿಟ್ಟುಕೊಡಬಾರದೆಂದು ಬಾಯಿ ಮುಚ್ಚಿಕೊಂಡಿರುತ್ತಾನೆ. ಮೊನ್ನೆ ಶನಿವಾರದಿಂದ ಅದನ್ನೇ ಮಾಡುತ್ತಿದ್ದಾನೆ. ಅದಕ್ಕೇ ನನಗೆ ಭಯ. ಮೊದಲು ಊಟ ಹಾಕು, ಆಮೇಲೆ ಒಳಗೆ ಹೋಗಿ ಒಬ್ಬಳೇ ಕೂತು ಓದು.

ನನಗೆ ಶಿಸ್ತು ಎಂದರೆ ಒಂದು ಚಟ ಎಂದು ನೀನು ಹೇಳುತ್ತಿದ್ದೆ. ಚಪ್ಪಲಿ ಸೊಟ್ಟಗೆ ಬಿಟ್ಟಿದ್ದರೂ ನನಗೆ ಊಟ ಸೇರುವುದಿಲ್ಲ ಎಂದು ನಿನ್ನ ಅಮ್ಮನ ಮುಂದೆಯೂ ಹಾಸ್ಯ ಮಾಡಿದ್ದೆ. ಶಾಲೆಯಲ್ಲಿ ಒಬ್ಬ ಹುಡುಗನಿಗೆ ಬೆತ್ತದಲ್ಲಿ ಹೊಡೆದು, ಅವನ ಅಪ್ಪ ಬಂದು ಗಲಾಟೆ ಮಾಡಿದ್ದು ನೆನಪಿರಬಹುದು. ಇನ್ನು ಮೇಲೆ ಯಾವ ಮಗುವನ್ನೂ ಮುಟ್ಟುವುದಿಲ್ಲ ಎಂದು ಹೆಡ್‌ಮಾಸ್ಟರಿಗೆ ಬರೆದುಕೊಟ್ಟೆ. ಆ ಮಾತನ್ನು ನಾನು ಉಳಿಸಿಕೊಂಡೆ ವನಿತಾ. ಬೆತ್ತ ಅಟ್ಟಕ್ಕೆ ಹೋಯಿತು. ಆದರೆ ಬೆತ್ತ ಬಿಟ್ಟವನು ಶಿಸ್ತು ಬಿಡುತ್ತಾನೆಯೇ? ನನ್ನ ಸ್ಕೌಟ್ ದಳದಲ್ಲಿ ಮೂವತ್ತೆರಡು ಹುಡುಗರು. ಎಂಟೆಂಟು ಹುಡುಗರ ನಾಲ್ಕು ತಂಡ, ಒಂದೊಂದಕ್ಕೆ ಒಬ್ಬ ಲೀಡರ್. ಆ ನಾಲ್ವರನ್ನು ಕರೆದು, ನಿಮ್ಮ ತಂಡದಲ್ಲಿ ಯಾರೇ ತಪ್ಪು ಮಾಡಿದರೂ ನೀವೇ ಸರಿಮಾಡಿ, ನನ್ನವರೆಗೆ ಬರಬಾರದು ಎಂದೆ. ಸ್ಕೌಟಿನಲ್ಲಿ ಹಾಗೇ ಇರಬೇಕು, ಹುಡುಗರನ್ನು ಹುಡುಗರೇ ನಡೆಸಬೇಕು ಎಂದು ತರಬೇತಿಯಲ್ಲೂ ಹೇಳಿಕೊಟ್ಟಿದ್ದರು. ಹೇಗೆ ಸರಿಮಾಡುತ್ತೀರಿ ಎಂದು ಮಾತ್ರ ನಾನು ಒಂದು ದಿನವೂ ಕೇಳಲಿಲ್ಲ. ದಳ ಗಡಿಯಾರದ ಹಾಗೆ ನಡೆಯುತ್ತಿತ್ತು. ತಾಲ್ಲೂಕಿನ ಸಭೆಯಲ್ಲಿ, ಜಯರಾಮ ಮೇಷ್ಟ್ರು ದನಿ ಏರಿಸದೆ ಮಕ್ಕಳನ್ನು ಹಿಡಿತದಲ್ಲಿ ಇಟ್ಟಿದ್ದಾರೆ ಎಂದು ಶಾಲು ಹೊದಿಸಿದರು. ನಾನೂ ಹೊದ್ದುಕೊಂಡೆ.

ಶರತ್ ಒಂದು ತಂಡದ ಲೀಡರ್. ಎಲ್ಲರಿಗಿಂತ ಅಚ್ಚುಕಟ್ಟು ಅವನದೇ ತಂಡ. ಮಗನಿಗೆ ಹೆಚ್ಚು ಅಂಕ ಕೊಡುತ್ತೇನೆ ಎಂದು ಯಾರೂ ಹೇಳಬಾರದೆಂದು ನಾನೇ ಅವನಿಗೆ ಎರಡು ಅಂಕ ಕಡಿಮೆ ಹಾಕುತ್ತಿದ್ದೆ. ಅದು ಅವನಿಗೆ ಗೊತ್ತು. ಅಷ್ಟಾದರೂ ಮೊದಲು ಬರುತ್ತಿದ್ದ.

ಹೋದ ಶುಕ್ರವಾರ ಎಚ್.ಡಿ. ಕೋಟೆ ಕಡೆ ಮೂರು ದಿನದ ಕ್ಯಾಂಪಿಗೆ ಹೋಗಿದ್ದೆವು. ಅಂತರಸಂತೆಯಿಂದ ಮುಂದೆ, ಕಾಕನಕೋಟೆ ಕಾಡಿನ ಅಂಚಿಗೆ ಮಹದೇವಪ್ಪ ಎನ್ನುವವರ ಜಮೀನಿದೆ. ಮಾವಿನ ಮರಗಳ ಕೆಳಗೆ ಟೆಂಟ್ ಹಾಕಿದೆವು. ಇನ್ನೂರು ಹೆಜ್ಜೆ ಆಚೆ ಅವರ ಹೊಗೆಸೊಪ್ಪು ಬೇಯಿಸುವ ಬ್ಯಾರನ್. ನಮ್ಮ ಮನೆಯ ಹಿತ್ತಲಲ್ಲಿರುವುದರ ಹಾಗೇ, ಕಿಟಕಿ ಇಲ್ಲದ ಎತ್ತರದ ಗೋಡೆ, ಒಂದೇ ಬಾಗಿಲು. ಸುಗ್ಗಿ ಮುಗಿದು ಖಾಲಿ ಬಿದ್ದಿತ್ತು. ಕಾಡಿನ ಕಡೆ ಕಂದಕದ ಹತ್ತಿರ ಯಾರೂ ಹೋಗಕೂಡದು, ಆನೆ ಇದೆ ಎಂದು ಹುಡುಗರಿಗೆ ಮೂರು ಸಲ ಹೇಳಿದೆ. ಬ್ಯಾರನ್ ಬಗ್ಗೆ ಏನೂ ಹೇಳಲಿಲ್ಲ. ಅದರಲ್ಲಿ ಹೆದರುವುದು ಏನಿದೆ ಎಂದುಕೊಂಡೆ.

ಶನಿವಾರ ಬೆಳಿಗ್ಗೆ ಎಂಟಕ್ಕೆ ಧ್ವಜ ಏರಿಸುವ ಸರದಿ ಶರತ್ ತಂಡದ್ದು. ಹಿಂದಿನ ಸಂಜೆ ಧ್ವಜ ಮಡಿಸಿ ಗಂಟು ಹಾಕಿದ್ದವನು ಅವನೇ. ಹಗ್ಗ ಎಳೆದರೆ ಬಿಚ್ಚಿಕೊಳ್ಳಲಿಲ್ಲ. ಎರಡು ಸಲ ಎಳೆದ, ಮೂರು ಸಲ ಎಳೆದ. ಮಹದೇವಪ್ಪನವರೂ ಅತಿಥಿಗಳೂ ಸೆಲ್ಯೂಟ್ ಹೊಡೆಯಲು ಕೈ ಎತ್ತಿ ನಿಂತಿದ್ದರು. ಆಗ ಅವನದೇ ತಂಡದ ಒಬ್ಬ ಪುಟ್ಟ ಹುಡುಗ ಕಿಸಕ್ಕೆಂದು ನಕ್ಕುಬಿಟ್ಟ. ಹೆಸರು ಸಾಗರ್. ಏಳನೇ ಕ್ಲಾಸು. ಅಂತರಸಂತೆ ಹತ್ತಿರದ ಗಿರಿಜನರ ಹಾಡಿಯವನು, ಕಾಡಂಚಿನಲ್ಲೇ ಬೆಳೆದವನು. ನಮ್ಮ ಊರಿನ ಹಾಸ್ಟೆಲ್ಲಿನಲ್ಲಿದ್ದು ಓದುತ್ತಾನೆ. ಸದಾ ನಗುವ ಹುಡುಗ, ಅದರಲ್ಲಿ ಕುಹಕ ಇರಲಿಲ್ಲ. ನಾನು ಶರತ್ ಕಡೆ ಒಂದು ನೋಟ ನೋಡಿದೆ, ಅಷ್ಟೇ. ಆ ನೋಟ ಎಂಥದು ಎಂದು ನಿನಗೆ ವಿವರಿಸಬೇಕಾಗಿಲ್ಲ. ಅವನ ತಂಡಕ್ಕೆ ಐದು ಅಂಕ ಕಡಿಮೆ ಎಂದು ಎಲ್ಲರ ಮುಂದೆ ಹೇಳಿದೆ.

ಹನ್ನೊಂದು ಗಂಟೆಗೆ ವಿಷಲ್ ಊದಿ ಹಾಜರಿ ತೆಗೆದಾಗ ಮೂವತ್ತೊಂದು ಜನ. ಸಾಗರ್ ಇರಲಿಲ್ಲ.

ಮೊದಲ ಹತ್ತು ನಿಮಿಷ ನನಗೆ ಸಿಟ್ಟು ಬಂದಿತ್ತು. ಆಮೇಲೆ ಭಯ ಹತ್ತಿತು. ಹಾಡಿ ಹುಡುಗ, ಬೇಜಾರಾಗಿ ಕಾಡಿಗೆ ಹೋಗಿರುತ್ತಾನೆ ಎಂದು ಯಾರೋ ಅಂದರು. ಯಾರೋ ಏನು, ನಾನೇ ಅಂದೆ. ಎಲ್ಲರೂ ಹೌದು ಎಂದರು. ಬೇರೆ ಯಾವ ಹುಡುಗ ಕಾಣೆಯಾಗಿದ್ದರೂ ಮೊದಲು ಅಕ್ಕಪಕ್ಕದ ಶೆಡ್ಡು, ಪಂಪ್‌ಹೌಸು ನೋಡುತ್ತಿದ್ದೆವು. ಇವನನ್ನು ಹುಡುಕಲು ನೇರ ಕಂದಕದ ಕಡೆ ಓಡಿದೆವು. ದೊಡ್ಡ ಹುಡುಗರನ್ನು ಸಾಲಾಗಿ ನಿಲ್ಲಿಸಿ ಕೂಗಿಸಿದೆ. ಕಂದಕದ ಮಣ್ಣು ಕುಸಿದ ಜಾಗದಲ್ಲಿ ಆನೆ ಲದ್ದಿ ಬಿದ್ದಿತ್ತು, ಇನ್ನೂ ಹಸಿ. ವಿಷಲ್ ಊದಲು ಹೋದರೆ ತುಟಿ ಒಣಗಿ ಬರೀ ಗಾಳಿ ಬಂತು. ಶರತ್ ನನ್ನ ಕೈಯಿಂದ ವಿಷಲ್ ತೆಗೆದುಕೊಂಡು ಊದಿದ.

ಇದನ್ನು ನೀನು ಸರಿಯಾಗಿ ಓದಬೇಕು. ಅವನು ಮೂರು ಗಂಟೆ ನನ್ನ ಪಕ್ಕದಲ್ಲೇ ಇದ್ದ. ನನ್ನ ಜೊತೆ ಹುಡುಕಿದ. ಪೊದೆಗಳನ್ನು ಕೋಲಿನಿಂದ ಸರಿಸಿ ನೋಡಿದ. ನನಗೆ ನೀರಿನ ಬಾಟಲಿ ಕೊಟ್ಟು, ಕುಡೀರಿ ಸಾರ್ ಎಂದ. ಕ್ಯಾಂಪಿನಲ್ಲಿ ನನ್ನನ್ನು ಸಾರ್ ಎಂದೇ ಕರೆಯಬೇಕೆಂಬುದು ನಾನೇ ಮಾಡಿದ ನಿಯಮ. ಸಾಗರ್‌ನನ್ನು ಕೊನೆಯ ಸಲ ಎಲ್ಲಿ ನೋಡಿದೆ ಎಂದು ಎರಡು ಸಲ ಕೇಳಿದೆ. ಸೌದೆ ತರಲು ಹೋದಾಗ ನೋಡಿದೆ ಎಂದ, ಎರಡು ಸಲವೂ ಅದೇ ಮಾತು, ಅದೇ ದನಿ. ಅವನ ಸ್ಕಾರ್ಫ್ ಒಂದಿಷ್ಟೂ ಸರಿದಿರಲಿಲ್ಲ.

ಮಹದೇವಪ್ಪನವರು ಹಾಡಿಗೆ ಹೇಳಿ ಕಳಿಸಿದ್ದರು. ಎರಡು ಗಂಟೆ ದಾಟಿದ ಮೇಲೆ ಸಾಗರ್‌ನ ತಾತ ದೊಡ್ಡಮಾದಯ್ಯ ಇಬ್ಬರು ಗಂಡಸರ ಜೊತೆ ಬಂದರು. ಇವರಾದರೆ ಹೆಜ್ಜೆ ನೋಡಿ ಕಾಡೊಳಗೆ ಹುಡುಕುತ್ತಾರೆ ಎಂದು ನನಗೆ ಜೀವ ಬಂದಂತಾಯಿತು. ಆ ಮುದುಕ ಕಂದಕದ ಕಡೆ ತಿರುಗಿಯೂ ನೋಡಲಿಲ್ಲ. ನಮ್ಮ ಐಕ್ಳು ಯೋಳದೆ ಕಾಡೊಳಕ್ಕೆ ಓಗಾಕಿಲ್ಲ ಸಾ, ಇಲ್ಲಿ ಬಾಗ್ಲು ಆಕಿರೋ ಜಾಗ ಯಾವ್ಯಾವ್ದು ಅದೆ ತೋರ್ಸಿ ಎಂದರು. ಬ್ಯಾರನ್ನಿಗೆ ಹೊರಗಿನಿಂದ ಚಿಲಕ ಹಾಕಿದೆ, ಅದರಲ್ಲಿ ಯಾರಿರುತ್ತಾರೆ ಎಂದೆ. ಒರಗಿಂದ ಚಿಲ್ಕ ಆಕಿರೋದ್ನೇ ಕೇಳ್ತಾ ಇವ್ನಿ ಎಂದರು.

ಬಾಗಿಲು ತೆಗೆದೆವು. ಸಾಗರ್ ನೆಲದ ಮೇಲೆ ಬಿಸಿ ಹೊಗೆ ಹಾಯಿಸುವ ಕಬ್ಬಿಣದ ಕೊಳವೆಗೆ ಆತುಕೊಂಡು ಕೂತಿದ್ದ. ಬೆಳಕಿಗೆ ಕಣ್ಣು ಮುಚ್ಚಿಕೊಂಡ. ಚಡ್ಡಿ ಒದ್ದೆಯಾಗಿ ಮತ್ತೆ ಒಣಗಿತ್ತು. ಮುಖದ ಮೇಲೆಲ್ಲ ಮಸಿ. ತುಟಿ ಅಲ್ಲಾಡುತ್ತಲೇ ಇತ್ತು. ನಾನು ಹತ್ತಿರ ಹೋಗಿ ಬಗ್ಗಿದರೆ, ಸಾ, ಮೂರು ಸಲ ತಪ್ಪೋಯ್ತು, ಮತ್ತೆ ಮೊದ್ಲಿಂದ ಎಣಿಸ್ತಾ ಇವ್ನಿ, ಎರಡು ಸಾವ್ರ ಇನ್ನೂ ಆಗಿಲ್ಲ ಎಂದ.

ಬೆಳಿಗ್ಗೆ ಒಂಬತ್ತೂವರೆಯಿಂದ ಎರಡೂವರೆಯವರೆಗೆ, ಐದು ಗಂಟೆ. ಕೂಗಿದರೆ ಎಣಿಕೆ ಮತ್ತೆ ಒಂದರಿಂದ ಎಂದು ಹೇಳಿದ್ದರಂತೆ. ಅದಕ್ಕೇ ಕೂಗಿರಲಿಲ್ಲ. ತಾತ ಅವನನ್ನು ಹೆಗಲ ಮೇಲೆ ಹಾಕಿಕೊಂಡು ನೀರು ಕುಡಿಸಿದರು. ಯಾರು ಮಾಡಿದರು ಎಂದು ಅಲ್ಲಿ ಯಾರಿಗೂ ಇನ್ನೂ ಗೊತ್ತಿರಲಿಲ್ಲ. ನನಗೆ ಗೊತ್ತಾಗಿತ್ತು. ಶರತ್ ನನ್ನ ಹಿಂದೆಯೇ ನಿಂತಿದ್ದ. ನಾನು ತಿರುಗಿ ಅವನ ಮುಖ ನೋಡಲಿಲ್ಲ. ನೋಡಲು ಹೆದರಿದೆ.

ಆ ಎರಡು ಸಾವಿರದ ಎಣಿಕೆ ಎಲ್ಲಿಯದೆಂದು ನಿನಗೆ ಗೊತ್ತಿಲ್ಲ. ಗೊತ್ತಾಗದ ಹಾಗೆ ನಾನು ನೋಡಿಕೊಂಡಿದ್ದೆ. ನಿನ್ನ ಅಮ್ಮನ ಆಪರೇಷನ್ನಿಗೆ ನೀನು ತವರಿಗೆ, ಮಿರ್ಲೆಗೆ ಹೋಗಿ ಹತ್ತು ದಿನ ಇದ್ದೆಯಲ್ಲ, ಆಗ ಶರತ್ ಪರೀಕ್ಷೆಯ ಅಂಕ ಮುಚ್ಚಿಟ್ಟು ಸುಳ್ಳು ಹೇಳಿದ. ಹೊಡೆಯಬಾರದೆಂದು ನಿನಗೂ ಮಾತು ಕೊಟ್ಟಿದ್ದೆನಲ್ಲ. ಹೊಡೆಯಲಿಲ್ಲ. ನಮ್ಮ ಬ್ಯಾರನ್ನಿನೊಳಗೆ ಬಿಟ್ಟು ಚಿಲಕ ಹಾಕಿ, ಗಟ್ಟಿಯಾಗಿ ಎರಡು ಸಾವಿರದವರೆಗೆ ಎಣಿಸು, ತಪ್ಪಿದರೆ ಮತ್ತೆ ಮೊದಲಿನಿಂದ ಎಂದೆ. ಹೊರಗೆ ಕಲ್ಲಿನ ಮೇಲೆ ಕೂತು ಪೇಪರ್ ಓದಿದೆ. ಒಂದು ಗಂಟೆಯ ಮೇಲೆ ಆಚೆ ಬಂದು, ಇನ್ನು ಸುಳ್ಳು ಹೇಳಲ್ಲ ಅಪ್ಪ ಎಂದ. ಕೈ ಎತ್ತದೆ ಬುದ್ಧಿ ಕಲಿಸಿದೆನೆಂದು ನನಗೆ ಹೆಮ್ಮೆಯಾಯಿತು. ಅದೊಂದೇ ಸಲ.

ಅದೊಂದೇ ಸಲ ಎಂದು ಬರೆದ ಮೇಲೆ ಎದ್ದು ಹೋಗಿ ಮುಖ ತೊಳೆದು ಬಂದೆ. ಒಂದು ಸಲ ಅಲ್ಲ, ಮೂರು ಸಲ. ನೀನು ಸಂಘದ ಸಭೆಗೆ ಹೋದ ದಿನ ಒಮ್ಮೆ, ಹೊಲಕ್ಕೆ ಹೋದಾಗ ಒಮ್ಮೆ. ಮೂರನೆಯ ಸಲ ನಾನು ಹೇಳುವ ಮೊದಲೇ ತಾನಾಗಿ ನಡೆದುಕೊಂಡು ಹೋಗಿ ಒಳಗೆ ನಿಂತ. ಹುಡುಗ ಬದಲಾಗಿದ್ದಾನೆ ಎಂದುಕೊಂಡೆ.

ಸಂಜೆ ಐದಕ್ಕೆ ಕೋರ್ಟ್ ಆಫ್ ಆನರ್ ಕೂರಿಸಿದೆವು. ತಪ್ಪು ನಡೆದಾಗ ಲೀಡರುಗಳೇ ಸೇರಿ ವಿಚಾರಿಸಿ ತೀರ್ಮಾನ ಮಾಡುವ ಪದ್ಧತಿ ಅದು. ಮೇಷ್ಟ್ರು ಪಕ್ಕದಲ್ಲಿ ಕೂರಬಹುದು, ಮತ ಹಾಕುವ ಹಾಗಿಲ್ಲ. ಉಳಿದ ಮೂರು ಲೀಡರುಗಳು ಕೂತರು, ಅವರಲ್ಲಿ ಹಿರಿಯ ಹತ್ತನೇ ಕ್ಲಾಸಿನ ಸುನೀಲ್‌ಕುಮಾರ್. ಶರತ್ ತಾನೇ ಎದ್ದು ನಿಂತು, ನಾನು ಮಾಡಿದ್ದು ಎಂದ. ಯಾಕೆ ಎಂದು ಕೇಳಿದರೆ, ನಕ್ಕ ಅದಕ್ಕೆ ಎಂದ. ಸಾಯಬೋದಿತ್ತಲ್ಲಾ ಅವ್ನು ಎಂದು ಸುನೀಲ್‌ಕುಮಾರ್ ಕೇಳಿದಾಗ, ಯಾರೂ ಸಾಯಲ್ಲ, ಎಣಿಸಿ ಮುಗಿಸಿದರೆ ಆಯಿತು ಎಂದ. ಆಮೇಲೆ ಸುನೀಲ್‌ಕುಮಾರ್, ಈ ಶಿಕ್ಷೆ ನಿಂಗೆ ಯಾರು ಕಲಿಸಿದ್ದು ಕಣೋ ಎಂದು ಕೇಳಿದ.

ಶರತ್ ನನ್ನನ್ನು ನೋಡಿದ. ಒಂದು ಕ್ಷಣ ಅಷ್ಟೇ. ಯಾರೂ ಕಲಿಸಲಿಲ್ಲ, ನನಗೇ ಹೊಳೆಯಿತು ಎಂದ.

ಆಗ ನಾನು ಎದ್ದು ನಿಲ್ಲಬೇಕಿತ್ತು. ಕೋರ್ಟಿನಲ್ಲಿ ಮೇಷ್ಟ್ರು ತಲೆ ಹಾಕಬಾರದು ಎಂಬ ನಿಯಮ ಹಿಡಿದು ಕೂತುಬಿಟ್ಟೆ. ಸುಳ್ಳು ಹೇಳಬಾರದೆಂದು ಯಾವ ಕತ್ತಲಲ್ಲಿ ಅವನಿಗೆ ಕಲಿಸಿದೆನೋ, ಅದೇ ಕತ್ತಲನ್ನು ಮುಚ್ಚಲು ಅವನು ನನಗಾಗಿ ಸುಳ್ಳು ಹೇಳಿದ. ನಾನು ಹೇಳಿಸಿಕೊಂಡೆ. ಹುಡುಗರು ಅವನ ಸ್ಕಾರ್ಫ್ ತೆಗೆಸಿದರು. ದಳದಿಂದ ಒಂದು ವರ್ಷ ಹೊರಗೆ, ಇವನನ್ನು ಮನೆಯವರ ಕೈಗೆ ಒಪ್ಪಿಸಬೇಕು ಎಂದು ಬರೆದರು. ಬರೆದು ಮುಗಿಸಿದ ಮೇಲೆ ಸುನೀಲ್‌ಕುಮಾರ್ ತಲೆ ಎತ್ತಿ, ಯಾರ ಕೈಗೆ ಒಪ್ಪಿಸೋದು ಸಾ ಎಂದು ನನ್ನನ್ನೇ ಕೇಳಿದ. ಅವನಿಗೆ ಏನೂ ಗೊತ್ತಿರಲಿಲ್ಲ, ಪುಸ್ತಕದಲ್ಲಿ ಹೆಸರು ತುಂಬಲು ಕೇಳಿದ್ದು. ನನ್ನ ಹೆಸರು ಹೇಳಲು ನಾಲಿಗೆ ಬರಲಿಲ್ಲ. ಆಮೇಲೆ ಬರೆಯೋಣ ಎಂದೆ.

ದೊಡ್ಡಮಾದಯ್ಯ ಮೊಮ್ಮಗನನ್ನು ಕರೆದುಕೊಂಡು ಹೊರಟರು. ನಾನು ಕೈ ಮುಗಿದೆ. ಅವರು ಬೈಯಲಿಲ್ಲ. ಈ ಬುದ್ದಿ ಮಕ್ಳಿಗೆ ತಾನಾಗೇ ಉಟ್ಟಾಕಿಲ್ಲ ಸಾ, ನಿಮ್ಮ ಉಡ್ಗನ್ನೂ ಒಂದ್ಸಲ ಕೇಳಿ ನೋಡಿ ಎಂದರು. ಸಾಗರ್ ಈಗ ಹಾಡಿಯಲ್ಲೇ ಇದ್ದಾನೆ. ಬಾಗಿಲು ಹಾಕಿದರೆ ಎದ್ದು ಕೂರುತ್ತಾನಂತೆ. ಅವರು ದೂರು ಕೊಡುತ್ತಾರೋ ಇಲ್ಲವೋ ತಿಳಿಯದು. ಕೊಟ್ಟರೆ ಅದು ನ್ಯಾಯವೇ.

ಈಗ ನಿನ್ನೆಯದು. ಇದಕ್ಕಾಗಿಯೇ ಈ ಕಾಗದ. ಭಾನುವಾರ ಹನ್ನೆರಡಕ್ಕೆ ಮನೆ ಸೇರಿದೆವು. ನಾನು ಅನ್ನಕ್ಕಿಟ್ಟು ಸ್ನಾನಕ್ಕೆ ಹೋದೆ. ಬಂದು ನೋಡಿದರೆ ಅವನಿಲ್ಲ. ರೂಮಿನಲ್ಲಿಲ್ಲ, ಹಿತ್ತಲಿನಲ್ಲಿಲ್ಲ, ರಸ್ತೆಯಲ್ಲಿಲ್ಲ. ಹಿಂದಿನ ದಿನದ ಭಯವೇ ಇನ್ನೂ ಇಳಿದಿರಲಿಲ್ಲ. ಬಾವಿಗೆ ಬಗ್ಗಿ ನೋಡಿದೆ. ಬಾವಿಯ ಹತ್ತಿರ ನಿಂತಿದ್ದಾಗ ಎಣಿಸುವುದು ಕೇಳಿಸಿತು.

ನಮ್ಮ ಬ್ಯಾರನ್ನಿನ ಬಾಗಿಲು ಮುಚ್ಚಿತ್ತು. ಹೊರಗಿನ ಚಿಲಕ ಹಾಕಿರಲಿಲ್ಲ. ಹಾಕುವವರು ಯಾರು? ತಾನೇ ಒಳಗಿನಿಂದ ಎಳೆದುಕೊಂಡಿದ್ದ. ತೆಗೆದರೆ ಮೂಲೆಯಲ್ಲಿ ನೆಟ್ಟಗೆ ನಿಂತು, ಗೋಡೆ ನೋಡುತ್ತಾ ಎಣಿಸುತ್ತಿದ್ದ. ಬಾ ಮಗ ಎಂದೆ. ಸಾಗರ್ ಐದು ಗಂಟೆ ಇದ್ದನಲ್ಲ ಅಪ್ಪ, ನನ್ನದು ಇನ್ನೂ ನಾಲ್ಕು ಗಂಟೆ ಬಾಕಿ ಇದೆ, ಬಾಗಿಲು ಹಾಕಿಕೊಂಡು ಹೋಗಿ ಎಂದ. ಅತ್ತಿದ್ದರೆ ಹಿಡಿದುಕೊಳ್ಳುತ್ತಿದ್ದೆ. ಅಳಲಿಲ್ಲ. ಕೈ ಹಿಡಿದು ಎಳೆದೆ, ಬರಲಿಲ್ಲ. ಅವನಿಗೆ ಈಗ ನನ್ನಷ್ಟೇ ಬಲ. ಜೋರಾಗಿ ಎಳೆದರೆ ಎಲ್ಲಿ ಕೈ ಎತ್ತಿಬಿಡುತ್ತೇನೋ ಎಂದು ನನಗೇ ನನ್ನ ಭಯವಾಯಿತು. ಬಾಗಿಲು ತೆರೆದಿಟ್ಟು ಹೊಸ್ತಿಲಲ್ಲಿ ಕೂತೆ. ಸಾಯಂಕಾಲ ಐದರವರೆಗೆ ಕೂತಿದ್ದೆ ವನಿತಾ. ಅವನು ಒಂದು ಅಂಕಿಯೂ ತಪ್ಪದೆ ಎಣಿಸಿದ. ಆಮೇಲೆ ಹೊರಗೆ ಬಂದು, ಮುಖ ತೊಳೆದು, ಆರಿದ ಅನ್ನ ತಾನೇ ಬಡಿಸಿಕೊಂಡು ಉಂಡ. ನನಗೂ ಬಡಿಸಿದ.

ಹದಿನಾಲ್ಕು ವರ್ಷದ ಹುಡುಗ. ಇನ್ನು ಹತ್ತು ವರ್ಷಕ್ಕೆ ಅವನಿಗೂ ಒಂದು ಮನೆ ಆಗುತ್ತದೆ, ಮಕ್ಕಳಾಗುತ್ತಾರೆ. ನನಗೆ ಕೆಲಸ ಹೋಗುತ್ತದೆಂಬ ಭಯವಿಲ್ಲ, ಪೊಲೀಸರ ಭಯವೂ ಅಷ್ಟಿಲ್ಲ. ಹುಡುಗನನ್ನು ನನ್ನ ಹಾಗೆ ಮಾಡಿ ಮುಗಿಸಿದ್ದೇನೋ, ಇನ್ನೂ ಸ್ವಲ್ಪ ಉಳಿದಿದ್ದಾನೋ, ಅದೇ ಭಯ. ಉಳಿದಿದ್ದರೆ ನಿನ್ನ ಹತ್ತಿರ ಉಳಿಯಲಿ. ಮಿರ್ಲೆಯಲ್ಲೇ ಸ್ಕೂಲಿಗೆ ಸೇರಿಸು, ಟಿ.ಸಿ. ನಾನು ಕಳಿಸುತ್ತೇನೆ. ಡಾಕ್ಟರಿಗೆ ತೋರಿಸು, ಮನಸ್ಸಿನ ಡಾಕ್ಟರಿಗೆ. ತುಂಬಾ ಅಚ್ಚುಕಟ್ಟಾಗಿರುತ್ತಾನೆ, ಅದನ್ನು ಹೊಗಳಬೇಡ. ಏನಾದರೂ ಚೆಲ್ಲಿದರೆ, ಒಡೆದರೆ, ನಕ್ಕುಬಿಡು.

ನಾನೇ ಕರೆತರಬಹುದಿತ್ತು. ಬಂದರೆ ವಾಪಸ್ ಕರೆದುಕೊಂಡು ಬಂದುಬಿಡುತ್ತೇನೆ, ಅದು ನನಗೆ ಗೊತ್ತು. ನಾಳೆ ಬೆಳಿಗ್ಗೆ ಹುಣಸೂರಿನಲ್ಲಿ ಕೆ.ಆರ್. ನಗರದ ಬಸ್ ಹತ್ತಿಸುತ್ತೇನೆ. ಮುಂದೆ ನಾನು ಬಂದು ಕೇಳಿದರೂ, ಅತ್ತರೂ, ನಿನ್ನ ಕಾಲು ಹಿಡಿದರೂ ಅವನನ್ನು ಕಳಿಸಬೇಡ. ನಾನು ಚೆನ್ನಾಗಿ ಅಳಬಲ್ಲೆ. ಸಾಗರ್ ವಿಷಯದಲ್ಲಿ ಶಾಲೆಗೆ ಕೊಡಬೇಕಾದ ವರದಿಯಲ್ಲಿ ಎರಡು ಸಾವಿರದ ಎಣಿಕೆ ಯಾರು ಕಲಿಸಿದ್ದೆಂದು ಬರೆದಿದ್ದೇನೆ. ಅದರ ನಕಲು ಇದರ ಜೊತೆ ಇಟ್ಟಿದ್ದೇನೆ, ನಾನು ಆಮೇಲೆ ಮಾತು ಬದಲಿಸಿದರೆ ನಿನ್ನ ಕೈಯಲ್ಲಿರಲಿ. ಲಕೋಟೆ ಅಂಟಿಸುವುದಿಲ್ಲ. ದಾರಿಯಲ್ಲಿ ಓದಿಕೋ ಎಂದು ಶರತ್‌ಗೇ ಹೇಳಿ ಕೊಡುತ್ತೇನೆ.

ಇತಿ,
ಶರತ್‌ನ ಅಪ್ಪ,
ಜಯರಾಮ

ವಿ.ಸೂ.: ಮೂರು ಸಲ ಎಂದು ಬರೆದಿದ್ದೇನೆ. ಮೂರಲ್ಲ, ನಾಲ್ಕು. ನಾಲ್ಕನೆಯದು ನೀನು ಮನೆ ಬಿಟ್ಟು ಹೊರಟ ದಿನ. ಅವನು ಅಮ್ಮನ ಜೊತೆ ಬರುವುದಿಲ್ಲ ಎನ್ನುತ್ತಿದ್ದಾನೆ, ಎಲ್ಲೋ ಅಡಗಿ ಕೂತಿದ್ದಾನೆ ಎಂದು ಮನೆಯೆದುರಿನ ಬಸ್ ಸ್ಟಾಪಿಗೆ ಬಂದು ನಿನಗೆ ಹೇಳಿದೆನಲ್ಲ, ಅವನು ಬಟ್ಟೆ ತುಂಬಿಕೊಂಡು ನಿನ್ನ ಕಡೆ ಓಡಿ ಬರುತ್ತಿದ್ದ. ನಾನೇ ಹಿಡಿದು ಬ್ಯಾರನ್ನಿಗೆ ಹಾಕಿದೆ. ನೀನು ಎರಡು ಬಸ್ ಬಿಟ್ಟು ಕಾದೆ. ಮೊದಲನೇ ಬಸ್ಸಿಗೇ ಹೋದಳು, ನಿನ್ನನ್ನು ಕೇಳಲೂ ಇಲ್ಲ ಎಂದು ಅವನಿಗೆ ಹೇಳಿದೆ. ನೀನು ಸ್ಕೂಲ್ ಗೇಟಿಗೆ ಬಂದಾಗ ಅವನು ಮುಖ ತಿರುಗಿಸಿದ್ದು ಅದಕ್ಕೇ. ಆವತ್ತು ಅವನು ಎಣಿಸಲಿಲ್ಲ ವನಿತಾ. ಬಾಗಿಲು ಬಡಿಯುತ್ತಾ ಅಮ್ಮಾ ಅಮ್ಮಾ ಎಂದು ಕೂಗುತ್ತಲೇ ಇದ್ದ. ನಿನಗೆ ಕೇಳಿಸಬಾರದೆಂದು ನಾನು ಟಿಲ್ಲರ್ ಚಾಲೂ ಮಾಡಿ ಬ್ಯಾರನ್ ಪಕ್ಕದಲ್ಲಿ ನಿಲ್ಲಿಸಿದ್ದೆ.